ಕರಡಿಯೆದುರು ಕೋವಿ ಎಷ್ಟು ಕಾಯುತ್ತದೆ?

2011ರ ಆಗಸ್ಟ್ 5ರ ಬೆಳಗು. ಉತ್ತರ ಧ್ರುವಕ್ಕೆ ಹತ್ತಿರವಿರುವ, ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ವಾನ್ ಪೋಸ್ಟ್ ಹಿಮನದಿಯ ಬಳಿ ಬ್ರಿಟನ್ನಿನ ವಿದ್ಯಾರ್ಥಿಗಳ ತಂಡವೊಂದು ಡೇರೆ ಹಾಕಿಕೊಂಡು ಮಲಗಿತ್ತು. ಹಸಿದ ಹಿಮಕರಡಿಯೊಂದು ಡೇರೆಗಳೊಳಗೆ ನುಗ್ಗಿತು. ಕರಡಿ ಬಂದರೆ ಸದ್ದು ಮಾಡಿ ಎಚ್ಚರಿಸಲೆಂದು ಸುತ್ತ ಕಟ್ಟಿದ್ದ ತಂತಿ ಸಿಡಿಯಲಿಲ್ಲ. ತಂಡದ ನಾಯಕ ರೈಫಲ್ ಎತ್ತಿ ಕುದುರೆ ಎಳೆದರೆ ಅದೂ ಸಿಡಿಯಲಿಲ್ಲ. ಮತ್ತೆ ಮತ್ತೆ ಪ್ರಯತ್ನಿಸಿದಾಗ ತೋಟೆಗಳು ಹಾರದೆ ಸುಮ್ಮನೆ ಹೊರಗೆ ಬಿದ್ದವು. ಅಷ್ಟರಲ್ಲಿ ಕರಡಿ ಅವನ ಮೇಲೂ ಬಿತ್ತು. ಕೊನೆಗೆ ನೆಲಕ್ಕೆ ಬಿದ್ದಿದ್ದ ತೋಟೆಯೊಂದನ್ನೇ ಹೆಕ್ಕಿ ತುಂಬಿ ಹೊಡೆದಾಗ ಕರಡಿ ಸತ್ತಿತು. ಹದಿನೇಳು ವರ್ಷದ ಹುಡುಗನೊಬ್ಬ ಆಗಲೇ ಪ್ರಾಣ ಬಿಟ್ಟಿದ್ದ. ನಾಲ್ವರಿಗೆ ತೀವ್ರ ಗಾಯಗಳಾಗಿದ್ದವು. ಮುಂದೆ ಬ್ರಿಟನ್ನಿನಲ್ಲಿ ನಡೆದ ವಿಚಾರಣೆಯಲ್ಲಿ ಆ ಹಳೆಯ ರೈಫಲ್‌ನ ಸೇಫ್ಟಿ ಕೀಲಿ, ಎಚ್ಚರಿಕೆ ತಂತಿಯ ಬಿಡಿಭಾಗಗಳು, ನಾಯಕರಿಗೆ ಸಿಕ್ಕಿದ್ದ ತರಬೇತಿ ಎಲ್ಲವೂ ಪ್ರಶ್ನೆಗೆ ಒಳಗಾದವು.

ಕಾಡಿನಲ್ಲಿ ಕರಡಿಯಿಂದ ಪಾರಾಗಲು ಕೋವಿ ಬೇಕೇ ಬೇಡವೇ ಎಂಬ ವಾದ ಅಮೆರಿಕ, ಕೆನಡಾ, ರಷ್ಯಾ, ಸ್ಕ್ಯಾಂಡಿನೇವಿಯಾಗಳಲ್ಲಿ ದಶಕಗಳಿಂದ ನಡೆದಿದೆ. ಕೋವಿ ಇದ್ದವನೇ ಬದುಕುತ್ತಾನೆ ಎನ್ನುವುದು ಒಂದು ಪಕ್ಷ. ಮೆಣಸಿನ ಸ್ಪ್ರೇ ಸಾಕು, ಕೋವಿ ಅಪಾಯವನ್ನೇ ಹೆಚ್ಚಿಸುತ್ತದೆ ಎನ್ನುವುದು ಇನ್ನೊಂದು ಪಕ್ಷ. ಹಿಮನದಿಯ ಬಳಿಯ ಈ ದುರಂತವನ್ನು ಎರಡೂ ಪಕ್ಷಗಳು ತಮ್ಮ ಪರವಾಗಿ ಉದಾಹರಿಸಬಹುದು. ಕರಡಿಯನ್ನು ಕೊನೆಗೆ ತಡೆದದ್ದು ಗುಂಡೇ. ಆ ಗುಂಡು ಹಾರುವ ಹೊತ್ತಿಗೆ ಒಂದು ಜೀವ ಹೋಗಿತ್ತು.

ಆದರೆ ಸ್ವಾಲ್ಬಾರ್ಡ್‌ನಲ್ಲಿ ಕೋವಿ ಬೇಡ ಎನ್ನುವವರು ಸಿಗುವುದು ಕಷ್ಟ. ಊರಿನ ಗಡಿ ದಾಟುವವರ ಬಳಿ ಹಿಮಕರಡಿಯನ್ನು ಬೆದರಿಸಿ ಓಡಿಸುವ ಸಾಧನ ಇರಲೇಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ. ಅದರ ಜೊತೆಗೆ ರೈಫಲ್ ಕೂಡ ಇರಲಿ ಎನ್ನುತ್ತದೆ ಗವರ್ನರ್ ಕಚೇರಿ. ಲಾಂಗಿಯರ್‌ಬ್ಯೂನ್ ಪಟ್ಟಣದ ವಿಶ್ವವಿದ್ಯಾಲಯ ಕೇಂದ್ರದಲ್ಲಿ ಭೂಗರ್ಭಶಾಸ್ತ್ರ ಓದಲು ಬಂದ ವಿದ್ಯಾರ್ಥಿಯೂ ಕ್ಷೇತ್ರಕಾರ್ಯಕ್ಕೆ ಮೊದಲು ಗುಂಡು ಹೊಡೆಯುವ ತರಬೇತಿ ಪಡೆಯುತ್ತಾನೆ. ಅದೇ ಪಟ್ಟಣದ ಅಂಗಡಿಗಳ ಬಾಗಿಲಲ್ಲಿ ಕೋವಿ ಒಳಗೆ ತರಬೇಡಿ ಎಂಬ ಫಲಕವೂ ಕಾಣುತ್ತದೆ.

ಅಲ್ಲಿ ಕೋವಿ ಬೇಕೇ ಬೇಕೆನ್ನುವುದಕ್ಕೆ ಕಾರಣ ಹಿಮಕರಡಿಯ ಸ್ವಭಾವದಲ್ಲಿದೆ. ಕಂದು ಕರಡಿಯ ಒಂದು ಬಗೆಯಾದ ಗ್ರಿಜ್ಲಿ ಸಾಮಾನ್ಯವಾಗಿ ಬೆಚ್ಚಿಬಿದ್ದಾಗ, ಮರಿಗಳ ಅಥವಾ ಆಹಾರದ ರಕ್ಷಣೆಗಾಗಿ ಮೇಲೆ ಬೀಳುತ್ತದೆ. ಎದುರಾಳಿಯಿಂದ ಅಪಾಯವಿಲ್ಲ ಎನಿಸಿದರೆ ಹೊರಟುಹೋಗುವುದೂ ಉಂಟು. ಹಸಿದ ಹಿಮಕರಡಿಗೆ ಮನುಷ್ಯನೂ ಆಹಾರವೇ. ಅಲ್ಲಿ ಮರವಿಲ್ಲ, ಮರೆಯಿಲ್ಲ. 1870ರಿಂದ 2014ರವರೆಗೆ ಐದು ದೇಶಗಳಲ್ಲಿ ದಾಖಲಾದ ಹಿಮಕರಡಿ ದಾಳಿಗಳನ್ನು ಸಂಶೋಧಕರು ಒಟ್ಟುಗೂಡಿಸಿದಾಗ 73 ಸಿಕ್ಕವು. ಅವುಗಳಲ್ಲಿ 20 ಜನ ಸತ್ತಿದ್ದರು, 63 ಜನ ಗಾಯಗೊಂಡಿದ್ದರು. ಮೈ ಸೊರಗಿದ ಗಂಡು ಕರಡಿಗಳೇ ಹೆಚ್ಚು ಅಪಾಯಕಾರಿ ಎಂದು ಆ ಅಧ್ಯಯನ ಗುರುತಿಸಿತು. ಸಮುದ್ರದ ಮಂಜುಗಡ್ಡೆ ಕರಗಿ, ಸೀಲ್ ಬೇಟೆ ಕಡಿಮೆಯಾಗಿ, ಕರಡಿಗಳು ದಡದಲ್ಲಿ ಹೆಚ್ಚು ಕಾಲ ಕಳೆಯುತ್ತಿರುವ ಈ ದಿನಗಳಲ್ಲಿ ಆ ಮಾತನ್ನು ಹಗುರವಾಗಿ ನೋಡುವಂತಿಲ್ಲ.

ಧ್ರುವಪ್ರದೇಶದ ಚಳಿಯಲ್ಲಿ ಕೋವಿ ಯಾವುದಿರಬೇಕು ಎಂಬುದನ್ನೂ ಅನುಭವವೇ ತೀರ್ಮಾನಿಸಿದೆ. ಈಶಾನ್ಯ ಗ್ರೀನ್‌ಲ್ಯಾಂಡಿನಲ್ಲಿ ನಾಯಿಬಂಡಿಯ ಮೇಲೆ ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ಪಡೆ 1917ರ ಮಾದರಿಯ ಬೋಲ್ಟ್ ಆ್ಯಕ್ಷನ್ ರೈಫಲ್ ಅನ್ನು ದಶಕಗಳ ಕಾಲ ಬಿಟ್ಟುಕೊಡಲಿಲ್ಲ. ಕೆನಡಾದ ಉತ್ತರ ಭಾಗವನ್ನು ಕಾಯುವ ರೇಂಜರ್‌ಗಳು 1947ರಿಂದ ಹಿಡಿದ ಲೀ-ಎನ್‌ಫೀಲ್ಡ್ ಬಂದೂಕಿಗೆ ಬದಲಿ ಬಂದದ್ದು 2018ರ ಸುಮಾರಿಗೆ. ಆಧುನಿಕ ಬಂದೂಕುಗಳು ಸಿಗದೆ ಹೀಗಾದದ್ದಲ್ಲ. ಎಣ್ಣೆ ಹೆಪ್ಪುಗಟ್ಟುವ ಚಳಿಯಲ್ಲಿ ಬಿಡಿಭಾಗ ಕಡಿಮೆ ಇರುವ, ಕೈಯಿಂದಲೇ ಎಳೆದು ತೋಟೆ ಏರಿಸುವ ಕೋವಿ ಕೈಕೊಡುವುದು ಅಪರೂಪ.

ಹಾಗಿದ್ದರೂ ಸ್ವಾಲ್ಬಾರ್ಡ್‌ನಲ್ಲಿ ಹಿಮಕರಡಿ 1973ರಿಂದ ಸಂರಕ್ಷಿತ ಪ್ರಾಣಿ. ಆತ್ಮರಕ್ಷಣೆಗೆ ಕೊಂದರೂ ತನಿಖೆ ತಪ್ಪುವುದಿಲ್ಲ. 2018ರ ಜುಲೈನಲ್ಲಿ ಪ್ರವಾಸಿ ಹಡಗೊಂದರ ಕಾವಲುಗಾರರು ದಡಕ್ಕಿಳಿದಾಗ ಕರಡಿ ಒಬ್ಬನ ತಲೆಗೆ ಹೊಡೆಯಿತು, ಜೊತೆಗಿದ್ದವರು ಅದನ್ನು ಗುಂಡಿಕ್ಕಿ ಕೊಂದರು. ಸತ್ತ ಕರಡಿಯ ಚಿತ್ರ ಜಗತ್ತಿನಾದ್ಯಂತ ಹರಡಿತು. ಪ್ರವಾಸಿಗರಿಗೆ ಕರಡಿ ತೋರಿಸಲೆಂದು ಅದರ ನೆಲಕ್ಕೇ ಹೋಗಿ, ಅದು ಎದುರು ಬಂದಾಗ ಕೊಲ್ಲುವುದು ಎಂಥ ರಕ್ಷಣೆ ಎಂದು ಜನ ಸಿಟ್ಟಿನಿಂದ ಕೇಳಿದರು. ನ್ಯಾಯವಾದ ಪ್ರಶ್ನೆ ಅದು. 2025ರ ಆರಂಭದಿಂದ ಅಲ್ಲಿ ಹಿಮಕರಡಿಯಿಂದ ಕನಿಷ್ಠ 300 ಮೀಟರ್ ದೂರವಿರಬೇಕು, ಮಾರ್ಚ್‌ನಿಂದ ಜೂನ್‌ವರೆಗೆ 500 ಮೀಟರ್. ಕೋವಿಯ ಅಗತ್ಯವೇ ಬಾರದ ಹಾಗೆ ನೋಡಿಕೊಳ್ಳುವ ಕಾನೂನು ಇದು.

ವಾದ ನಿಜವಾಗಿ ಕಾವೇರುವುದು ಅಮೆರಿಕದಲ್ಲಿ. ಅಲಾಸ್ಕಾ, ಮೊಂಟಾನಾ, ವಯೋಮಿಂಗ್ ರಾಜ್ಯಗಳ ಕಾಡುಗಳಲ್ಲಿ ಗ್ರಿಜ್ಲಿಯೂ ಇದೆ, ಕಪ್ಪು ಕರಡಿಯೂ ಇದೆ. ಕೋವಿ ಇಟ್ಟುಕೊಳ್ಳುವ ಹಕ್ಕು ಅಲ್ಲಿ ರಾಜಕೀಯ ವಿಷಯವೂ ಆಗಿರುವುದರಿಂದ ಕರಡಿಯ ಚರ್ಚೆಗೂ ಆ ಬಿಸಿ ತಗಲುತ್ತದೆ.

ಸ್ಪ್ರೇಯ ಕಥೆ ಆರಂಭವಾದದ್ದು ಮೊಂಟಾನಾ ವಿಶ್ವವಿದ್ಯಾಲಯದಲ್ಲಿ. ಚಾರ್ಲ್ಸ್ ಜಾಂಕಲ್ ಮತ್ತು ಅವರ ವಿದ್ಯಾರ್ಥಿನಿ ಕ್ಯಾರಿ ಹಂಟ್ ಕರಡಿಯನ್ನು ಕೊಲ್ಲದೆ ಹಿಮ್ಮೆಟ್ಟಿಸುವ ಉಪಾಯಗಳನ್ನು ಪರೀಕ್ಷಿಸುತ್ತ ಹೋದಾಗ ಮೆಣಸಿನಕಾಯಿಯ ಖಾರದ ಅಂಶವೇ ಹೆಚ್ಚು ಫಲ ಕೊಟ್ಟಿತು. 1980ರ ದಶಕದಲ್ಲಿ ಅದು ಡಬ್ಬಿಯಾಗಿ ಮಾರುಕಟ್ಟೆಗೆ ಬಂತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇದನ್ನು ಕೀಟನಾಶಕಗಳ ಸಾಲಿನಲ್ಲೇ ನೋಂದಾಯಿಸುತ್ತದೆ. ಖಾರದ ಅಂಶ ಶೇ. 1ರಿಂದ 2ರ ನಡುವೆ ಇರಬೇಕು, ಡಬ್ಬಿಯಲ್ಲಿ ಕನಿಷ್ಠ 225 ಗ್ರಾಂ ಇರಬೇಕು. ಒತ್ತಿದರೆ ಕಿತ್ತಳೆ ಬಣ್ಣದ ಮೋಡವೊಂದು ಏಳೆಂಟು ಮೀಟರ್ ದೂರದವರೆಗೆ ಹರಡುತ್ತದೆ. ಕಣ್ಣು, ಮೂಗು, ಗಂಟಲು ಉರಿದು ಕರಡಿ ಹಿಂದೆ ಸರಿಯುತ್ತದೆ, ಕೆಲ ಹೊತ್ತಿನಲ್ಲಿ ಸುಧಾರಿಸಿಕೊಳ್ಳುತ್ತದೆ.

ಇದರ ಪರಿಣಾಮವನ್ನು ಅಳೆದವರು ಟಾಮ್ ಸ್ಮಿತ್, ಕೆನಡಾದ ಕರಡಿತಜ್ಞ ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು. 1985ರಿಂದ 2006ರವರೆಗೆ ಅಲಾಸ್ಕಾದಲ್ಲಿ ಸ್ಪ್ರೇ ಬಳಸಿದ 83 ಘಟನೆಗಳನ್ನು ಅವರು 2008ರಲ್ಲಿ ಪ್ರಕಟಿಸಿದರು. ಕಂದು ಕರಡಿಗಳ ಮೇಲೆ ಬಳಸಿದಾಗ ಶೇ. 92 ಸಲ, ಕಪ್ಪು ಕರಡಿಗಳ ಮೇಲೆ ಶೇ. 90 ಸಲ ಅದು ಕೆಲಸ ಮಾಡಿತ್ತು. ಸ್ಪ್ರೇ ಹಿಡಿದು ಕರಡಿಗೆ ಮುಖಾಮುಖಿಯಾದವರಲ್ಲಿ ಶೇ. 98 ಮಂದಿಗೆ ಗಾಯವೇ ಆಗಿರಲಿಲ್ಲ. ಗಾಯಗೊಂಡ ಮೂವರಿಗೂ ಆಸ್ಪತ್ರೆಗೆ ದಾಖಲಾಗುವ ಅಗತ್ಯ ಬಿದ್ದಿರಲಿಲ್ಲ. ಗಾಳಿ ಅಡ್ಡಬಂದದ್ದು ಶೇ. 7 ಸಲ ಮಾತ್ರ, ಆಗಲೂ ಖಾರ ಕರಡಿಯನ್ನು ತಲುಪಿತ್ತು. ಹೊಡೆದವರಿಗೇ ಕಣ್ಣುರಿ ಬಂದದ್ದುಂಟು. ಇಬ್ಬರಂತೂ ಬಹುತೇಕ ನಿಸ್ಸಹಾಯಕರಾಗಿದ್ದರು.

ನಾಲ್ಕು ವರ್ಷಗಳ ಬಳಿಕ ಅದೇ ಸಂಶೋಧಕರು ಕೋವಿಯನ್ನೂ ಪರಿಶೀಲಿಸಿದರು. 1883ರಿಂದ 2009ರವರೆಗಿನ 269 ಘಟನೆಗಳು, 444 ಜನ, 357ರಷ್ಟು ಕರಡಿಗಳು. ಪಿಸ್ತೂಲು, ರಿವಾಲ್ವರ್ ಬಳಸಿದವರು ಶೇ. 84 ಸಲ, ರೈಫಲ್ ಮತ್ತು ಶಾಟ್‌ಗನ್‌ನಂಥ ಉದ್ದ ನಳಿಗೆಯ ಕೋವಿ ಬಳಸಿದವರು ಶೇ. 76 ಸಲ ಕರಡಿಯನ್ನು ತಡೆದಿದ್ದರು. ಆದರೆ ಹತ್ತಿರದ ಮುಖಾಮುಖಿಯಲ್ಲಿ, ಕೈಯಲ್ಲಿದ್ದ ಕೋವಿಯನ್ನು ಬಳಸಿದವರಿಗೂ ಬಳಸದವರಿಗೂ ಗಾಯದ ಪ್ರಮಾಣ ಒಂದೇ ಆಗಿತ್ತು. ಶೇ. 61 ಘಟನೆಗಳಲ್ಲಿ ಕರಡಿ ಸತ್ತಿತ್ತು.

ಅಂದಿನಿಂದ ಶೇ. 98 ಮತ್ತು ಶೇ. 76 ಎಂಬ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಸ್ಪ್ರೇಯೇ ಮೇಲು ಎಂದು ಬರೆಯುವುದು ವಾಡಿಕೆಯಾಯಿತು. ಹಾಗೆ ಇಡುವುದು ಸರಿಯಲ್ಲ. ಒಂದು ಸಂಖ್ಯೆ ಗಾಯವಾಗದೆ ಉಳಿದವರದು, ಇನ್ನೊಂದು ಕರಡಿಯನ್ನು ತಡೆದವರದು. ಸ್ಪ್ರೇಯ ಘಟನೆಗಳಲ್ಲಿ ಕುತೂಹಲದಿಂದ ಬಳಿ ಬಂದ, ಆಹಾರ ಹುಡುಕಿಕೊಂಡು ಬಂದ ಕರಡಿಗಳೂ ಸೇರಿದ್ದವು. ಕೋವಿಯ ಅಂಕಿಗಳು ಹೆಚ್ಚಾಗಿ ಆಕ್ರಮಣಕಾರಿ ಕರಡಿಗಳವು. ಇನ್ನೂ ಮುಖ್ಯವಾದದ್ದನ್ನು ಸಂಶೋಧಕರೇ ಒಪ್ಪಿಕೊಂಡಿದ್ದಾರೆ. ಮನುಷ್ಯನಿಗೆ ಗಾಯವಾದ ಘಟನೆ ಪತ್ರಿಕೆಯಲ್ಲಿ ಬಂದೇ ಬರುತ್ತದೆ. ಗುಂಡು ಹೊಡೆದು ಗಾಯವಿಲ್ಲದೆ ಮನೆಗೆ ಹೋದವನ ಘಟನೆ ದಾಖಲೆಗೆ ಸೇರದೆ ಹೋಗಬಹುದು. ಎಲ್ಲವೂ ಸಿಕ್ಕಿದ್ದರೆ ಕೋವಿಯ ಯಶಸ್ಸಿನ ಪ್ರಮಾಣ ಮೇಲೇರುತ್ತಿತ್ತು. ಕೋವಿಪ್ರಿಯರು ತಾವೇ ಸಂಗ್ರಹಿಸಿದ ಪಿಸ್ತೂಲಿನ ಘಟನೆಗಳ ಪಟ್ಟಿಯಲ್ಲಿ ಯಶಸ್ಸು ಶೇ. 95ನ್ನೂ ಮೀರುತ್ತದೆ. ಅದರ ದೋಷ ತಿರುಗುಮುರುಗು. ಗುಂಡು ಹಾರಿದ ಘಟನೆಗಳನ್ನಷ್ಟೇ ಅದು ಎಣಿಸುತ್ತದೆ. ಪಿಸ್ತೂಲು ಸೊಂಟದಲ್ಲೇ ಉಳಿದು ಕಚ್ಚಿಸಿಕೊಂಡವನು ಆ ಲೆಕ್ಕದಲ್ಲಿ ಇಲ್ಲ.

ಹೀಗಾಗಿ 2012ರ ಅಧ್ಯಯನದಿಂದ ಹೆಕ್ಕಿಕೊಳ್ಳಬೇಕಾದದ್ದು ಯಶಸ್ಸಿನ ಪ್ರಮಾಣವನ್ನಲ್ಲ, ಸೋಲಿನ ಕಾರಣಗಳನ್ನು. ಕೋವಿ ಕೈಕೊಟ್ಟ ಘಟನೆಗಳಲ್ಲಿ ಶೇ. 27 ಸಲ ಹೊಡೆಯಲು ಸಮಯವೇ ಇರಲಿಲ್ಲ. ಶೇ. 21 ಸಲ ಮನುಷ್ಯ ಅದನ್ನು ಬಳಸಲೇ ಇಲ್ಲ. ಶೇ. 14 ಸಲ ತೋಟೆ ಸಿಕ್ಕಿಕೊಳ್ಳುವಂಥ ಯಂತ್ರದೋಷ. ಗುರಿ ತಪ್ಪಿದ್ದು ಶೇ. 9 ಸಲ ಮಾತ್ರ, ಕರಡಿ ತೀರ ಹತ್ತಿರ ಬಂದು ಕೋವಿ ಎತ್ತಲಾಗದ್ದೂ ಅಷ್ಟೇ. ಸೇಫ್ಟಿ ಬಿಡಿಸಲಾಗದೆ ಒದ್ದಾಡಿದವರು, ಗುಂಡು ಮುಗಿದು ಮತ್ತೆ ತುಂಬಲಾಗದವರು ತಲಾ ಶೇ. 8ರಷ್ಟು. ಕೆಲವರು ಎಡವಿ ಬಿದ್ದರು. ಗುಂಡಿನ ತೂಕ, ನಳಿಗೆಯ ಅಗಲ, ಯಾವ ಕಂಪನಿಯ ಬಂದೂಕು ಎಂದು ಕೋವಿಪ್ರಿಯರು ಗಂಟೆಗಟ್ಟಲೆ ಚರ್ಚಿಸುವ ವಿಷಯಗಳು ಈ ಪಟ್ಟಿಯಲ್ಲಿ ಕಾಣುವುದೇ ಇಲ್ಲ.

ಸಮಯದ ಲೆಕ್ಕ ಹೀಗಿದೆ. ಗ್ರಿಜ್ಲಿ ಗಂಟೆಗೆ 50 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡಬಲ್ಲದು, ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಪೊದೆ ದಟ್ಟವಾಗಿರುವ ತೊರೆಯಂಚಿನಲ್ಲಿ ಅದು 30 ಮೀಟರ್ ಆಚೆ ಕಾಣಿಸಿಕೊಂಡರೆ ಉಳಿಯುವುದು ಎರಡು ಸೆಕೆಂಡು. ಅಷ್ಟರಲ್ಲಿ ಇದು ದಾಳಿಯೋ ಸುಮ್ಮನೆ ಬೆದರಿಕೆಯ ಓಟವೋ ಎಂದು ತಿಳಿಯಬೇಕು, ಹೆಗಲಿನ ರೈಫಲ್ ಕೈಗೆ ಬರಬೇಕು, ಸೇಫ್ಟಿ ಸರಿಯಬೇಕು, ತಗ್ಗಿಸಿ ಕುಲುಕಾಡುತ್ತ ಬರುವ ತಲೆಯ ಮೇಲೆ ಗುರಿ ನಿಲ್ಲಬೇಕು. ಕರಡಿಯ ಮಿದುಳು ತಲೆಯ ಗಾತ್ರಕ್ಕೆ ಹೋಲಿಸಿದರೆ ಚಿಕ್ಕದು, ಅದರ ಮುಂದೆ ಇಳಿಜಾರಾದ ದಪ್ಪ ಮೂಳೆ. ಗುಂಡು ಹೃದಯಕ್ಕೆ ಬಿದ್ದರೂ ಕರಡಿ ಕೂಡಲೇ ಕುಸಿಯಬೇಕೆಂದಿಲ್ಲ. ರಕ್ತ ಹರಿದು ಶಕ್ತಿ ಕುಗ್ಗುವವರೆಗೆ ಸಿಗುವ ಆ ಕೆಲವು ಸೆಕೆಂಡುಗಳಲ್ಲೇ ಅದು ಮನುಷ್ಯನನ್ನು ಹರಿದು ಹಾಕಬಲ್ಲದು.

ಗಾಯಗೊಂಡು ತಪ್ಪಿಸಿಕೊಂಡ ಕರಡಿಯ ಮಾತು ಬೇರೆ. ನರಳುತ್ತ ಪೊದೆ ಸೇರಿದ ಆ ಪ್ರಾಣಿ ಮರುದಿನ ಆ ದಾರಿಯಲ್ಲಿ ಬರುವ ಅಮಾಯಕನಿಗೆ ಎದುರಾಗಬಹುದು.

ಗುಂಡಿನ ಶಕ್ತಿಯ ಪ್ರಶ್ನೆಯನ್ನು ಅಮೆರಿಕದ ಅರಣ್ಯ ಸೇವೆ 1983ರಲ್ಲೇ ಪರೀಕ್ಷಿಸಿತ್ತು. ಅಲಾಸ್ಕಾದಲ್ಲಿ ಕೆಲಸ ಮಾಡುವ ತನ್ನ ಸಿಬ್ಬಂದಿಗೆ ಯಾವ ಕೋವಿ ಕೊಡಬೇಕೆಂದು ತಿಳಿಯಲು 15 ಗಜ ದೂರದಿಂದ ಬಗೆಬಗೆಯ ಗುಂಡುಗಳನ್ನು ಹಾರಿಸಿ ನೋಡಿದ ವರದಿ ಅದು. ಆನೆ ಬೇಟೆಯ ಕಾಲದ ಭಾರಿ ರೈಫಲ್‌ಗಳು ಮೊದಲ ಸ್ಥಾನಗಳಲ್ಲಿ ನಿಂತವು. ಭಾರದ ಗುಂಡು ತುಂಬಿದ ಸಾಮಾನ್ಯ .30-06 ರೈಫಲ್ ಕೂಡ ಸಾಕೆನಿಸಿತು. ಕೈಬಂದೂಕುಗಳು ಬಹಳ ಹಿಂದೆ ಉಳಿದವು. ಪೊಲೀಸರು ಬಳಸುವ 9 ಎಂಎಂ ಪಿಸ್ತೂಲಿನ ಗುಂಡಿನ ಶಕ್ತಿ ಸುಮಾರು 500 ಜೂಲ್. ದೊಡ್ಡ .375 ರೈಫಲ್‌ನದು ಅದರ ಹತ್ತು ಪಟ್ಟಿಗೂ ಮೇಲು.

ಅಷ್ಟಾದರೂ 2016ರಲ್ಲಿ ಅಲಾಸ್ಕಾದ ಅನುಭವಿ ಬೇಟೆ ಮಾರ್ಗದರ್ಶಕನೊಬ್ಬ ಮೀನು ಹಿಡಿಯಲು ಬಂದ ದಂಪತಿಯ ಮೇಲೆ ನುಗ್ಗಿದ ಕಂದು ಕರಡಿಯನ್ನು 9 ಎಂಎಂ ಪಿಸ್ತೂಲಿನಿಂದಲೇ ಕೊಂದ. ಅವನು ಆರಿಸಿಕೊಂಡಿದ್ದು ಚಪ್ಪಟೆಯಾಗದೆ ಆಳಕ್ಕೆ ಇಳಿಯುವ ಗಟ್ಟಿ ಗುಂಡುಗಳನ್ನು. ದಶಕಗಳ ಕಾಲ ಕರಡಿಗಳ ನಡುವೆ ಬದುಕಿದ ಕೈ ಅದು. ಈ ಒಂದು ಘಟನೆಯನ್ನು ಹಿಡಿದು 9 ಎಂಎಂ ಸಾಕು ಎಂದು ಸಾರುವವರು ಆ ಕೈಯನ್ನು ಮರೆಯುತ್ತಾರೆ. 2010ರ ಮೇ ತಿಂಗಳಲ್ಲಿ ಡೆನಾಲಿ ರಾಷ್ಟ್ರೀಯ ಉದ್ಯಾನದಲ್ಲಿ ಚಾರಣಿಗನೊಬ್ಬ ಜೊತೆಗಾತಿಯತ್ತ ನುಗ್ಗಿದ ಗ್ರಿಜ್ಲಿಗೆ .45 ಪಿಸ್ತೂಲಿನಿಂದ ಒಂಬತ್ತು ಗುಂಡು ಹಾರಿಸಬೇಕಾಯಿತು. ಕರಡಿ ನಿಂತು, ತಿರುಗಿ, ಪೊದೆ ಹೊಕ್ಕಿತು. ಸತ್ತದ್ದು ಆಮೇಲೆ.

ಡೆನಾಲಿಯ ಆ ಘಟನೆಗೆ ಇನ್ನೊಂದು ಮಹತ್ವವಿದೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಆಯಾ ರಾಜ್ಯದ ಕಾನೂನಿನಂತೆ ಕೋವಿ ಇಟ್ಟುಕೊಳ್ಳಬಹುದು ಎಂಬ ನಿಯಮ ಜಾರಿಗೆ ಬಂದು ಆಗ ಮೂರು ತಿಂಗಳಷ್ಟೇ ಆಗಿತ್ತು. ಇಟ್ಟುಕೊಳ್ಳುವುದಕ್ಕೆ ಅಡ್ಡಿಯಿಲ್ಲ, ಹಾರಿಸುವುದು ಸಾಮಾನ್ಯವಾಗಿ ನಿಷಿದ್ಧ. ಹಾರಿಸಿದವನು ಜೀವಕ್ಕೆ ನಿಜವಾದ ಅಪಾಯವಿತ್ತೆಂದು ವಿವರಿಸಬೇಕು. ಅಲಾಸ್ಕಾ ರಾಜ್ಯದ ನಿಯಮ ಇನ್ನೂ ಕಟ್ಟುನಿಟ್ಟು. ಆತ್ಮರಕ್ಷಣೆಗೆ ಕರಡಿ ಕೊಂದವನು ಅದರ ಚರ್ಮ ಸುಲಿದು, ತಲೆಬುರುಡೆಯೊಂದಿಗೆ ಸರಕಾರಕ್ಕೆ ಒಪ್ಪಿಸಬೇಕು, 15 ದಿನದೊಳಗೆ ವರದಿ ಬರೆದು ಕೊಡಬೇಕು. ಕರಡಿಯನ್ನು ಕೆಣಕಿದ್ದರೆ, ಕಸ ಹರಡಿ ಅದನ್ನು ಕರೆಸಿಕೊಂಡಿದ್ದರೆ ಆತ್ಮರಕ್ಷಣೆಯ ನೆಪ ನಿಲ್ಲುವುದಿಲ್ಲ. ಕೆನಡಾದ ರಾಷ್ಟ್ರೀಯ ಉದ್ಯಾನಗಳಲ್ಲಂತೂ ಪ್ರವಾಸಿಗೆ ಕೋವಿಯೇ ಇಲ್ಲ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಬೇಸಿಗೆ ರಜೆಯಲ್ಲಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವುದು ಈಗ ಸಾಮಾನ್ಯ. ಎಚ್-1ಬಿಯಂಥ ವಲಸೆಯೇತರ ವೀಸಾದಲ್ಲಿ ಇರುವವರು ಬೇಟೆ ಪರವಾನಗಿಯಂಥ ವಿನಾಯಿತಿಯಿಲ್ಲದೆ ಕೋವಿ ಹೊಂದುವುದು ಅಲ್ಲಿ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಅವರಿಗೆ ಉಳಿಯುವುದು ಸ್ಪ್ರೇ. ಅದನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಚೆಕ್-ಇನ್ ಸಾಮಾನಿನಲ್ಲೂ ಇಡುವಂತಿಲ್ಲ. ಹೋದ ಊರಿನಲ್ಲೇ ಕೊಳ್ಳಬೇಕು ಇಲ್ಲವೇ ಬಾಡಿಗೆಗೆ ಪಡೆಯಬೇಕು. ಹೆದರಿಕೆಗೆ ಒಂದು ಅಳತೆಯೂ ಇರಲಿ. ಯೆಲ್ಲೋಸ್ಟೋನ್ ಆಡಳಿತದ ಲೆಕ್ಕದಲ್ಲಿ ಗ್ರಿಜ್ಲಿಯಿಂದ ಗಾಯವಾಗುವ ಸಂಭವ ಸುಮಾರು 27 ಲಕ್ಷ ಭೇಟಿಗೆ ಒಂದು. ಡಾಂಬರು ರಸ್ತೆ ಬಿಟ್ಟು ಕಾಡಿನೊಳಗೆ ನಡೆಯುವವರಿಗೆ ಅದು ಏರುತ್ತದೆ, ಆದರೂ ಸಣ್ಣದೇ.

ಸ್ಪ್ರೇ ಡಬ್ಬಿ ಚೀಲದ ತಳದಲ್ಲಿದ್ದರೆ ಅದೂ ಕೈಗೆಟುಕದ ಕೋವಿಯ ಹಾಗೆಯೇ ನಿರುಪಯುಕ್ತ. 2018ರ ಸೆಪ್ಟೆಂಬರ್‌ನಲ್ಲಿ ವಯೋಮಿಂಗ್‌ನ ಟೀಟನ್ ಕಾಡಿನಲ್ಲಿ ಬೇಟೆ ಮಾರ್ಗದರ್ಶಕನೊಬ್ಬ ಗಿರಾಕಿಯೊಂದಿಗೆ ಹಿಂದಿನ ದಿನ ಹೊಡೆದಿದ್ದ ಎಲ್ಕ್ ಜಿಂಕೆಯ ಮಾಂಸ ಬಿಡಿಸುತ್ತಿದ್ದಾಗ ಗ್ರಿಜ್ಲಿ ನುಗ್ಗಿತು. ಪಿಸ್ತೂಲು ಕೆಲವು ಮೀಟರ್ ದೂರದಲ್ಲಿ ಚೀಲಗಳ ಬಳಿ ಇತ್ತು. ಗಿರಾಕಿ ಓಡಿ ಅದನ್ನು ಹಿಡಿದರೂ ಹಾರಿಸಲಾಗಲಿಲ್ಲ, ಮಾರ್ಗದರ್ಶಕನತ್ತ ಎಸೆದ, ಅದು ಅವನ ಕೈ ಸೇರಲಿಲ್ಲ. ಮಾರ್ಗದರ್ಶಕ ಉಳಿಯಲಿಲ್ಲ. ಯೆಲ್ಲೋಸ್ಟೋನ್ ಸುತ್ತಲಿನ ಕಾಡುಗಳಲ್ಲಿ ಕರಡಿಗೆ ಸಿಕ್ಕುವವರಲ್ಲಿ ಬೇಟೆಗಾರರು ಗಣನೀಯ ಸಂಖ್ಯೆಯಲ್ಲಿದ್ದಾರೆ, ಕೋವಿ ಹೊತ್ತವರೇ ಅವರು. ಸದ್ದಿಲ್ಲದೆ ನಡೆಯುವುದು, ಗಾಳಿಗೆ ಎದುರಾಗಿ ಸಾಗುವುದು, ನಸುಕಿನಲ್ಲಿ ಹೊಂಚುವುದು, ಜಿಂಕೆಯ ಕೂಗನ್ನು ಅನುಕರಿಸುವುದು, ಕೊನೆಗೆ ರಕ್ತದ ವಾಸನೆಯ ನಡುವೆ ಬಾಗಿ ಕುಳಿತು ಎರಡೂ ಕೈಯಲ್ಲಿ ಕೆಲಸ ಮಾಡುವುದು. ಕರಡಿಯನ್ನು ಬೆಚ್ಚಿಬೀಳಿಸಲು ಬೇಕಾದ ಎಲ್ಲವನ್ನೂ ಬೇಟೆ ಕೇಳುತ್ತದೆ.

ಸ್ಪ್ರೇ ಸೋತದ್ದೂ ಉಂಟು, ಅದನ್ನು ಮುಚ್ಚಿಡಬಾರದು. 2023ರ ಸೆಪ್ಟೆಂಬರ್ ಕೊನೆಯಲ್ಲಿ ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದಲ್ಲಿ ಅನುಭವಿ ಚಾರಣಿಗ ಜೋಡಿಯೊಂದು ತಮ್ಮ ನಾಯಿಯೊಂದಿಗೆ ಗ್ರಿಜ್ಲಿಗೆ ಬಲಿಯಾಯಿತು. ಆಹಾರವನ್ನು ನಿಯಮದಂತೆ ಮರಕ್ಕೆ ತೂಗುಹಾಕಿದ್ದರು. ಸ್ಪ್ರೇ ಡಬ್ಬಿ ಖಾಲಿಯಾಗಿತ್ತು. ಕರಡಿ ಮುದಿ ಹೆಣ್ಣು, ಹಲ್ಲು ಸವೆದದ್ದು, ಚಳಿಗಾಲಕ್ಕೆ ಬೇಕಾದ ಕೊಬ್ಬು ಮೈಯಲ್ಲಿ ಇಲ್ಲದ್ದು. ಇದಕ್ಕೆ ವ್ಯತಿರಿಕ್ತವಾಗಿ 2024ರ ಮೇ ತಿಂಗಳಲ್ಲಿ ಗ್ರ್ಯಾಂಡ್ ಟೀಟನ್ ಉದ್ಯಾನದಲ್ಲಿ, ಸ್ಪ್ರೇ ಒತ್ತಲು ಸಮಯ ಸಿಗದೆ ಬಿದ್ದ ವ್ಯಕ್ತಿಯ ಕೈಯನ್ನು ಕಚ್ಚಲು ಹೋದ ಕರಡಿಯ ಹಲ್ಲು ಡಬ್ಬಿಗೇ ತಾಗಿ ಅದು ಸಿಡಿಯಿತು, ಕರಡಿ ಓಡಿತು. ಸ್ಪ್ರೇಯನ್ನು ಡೇರೆಗೆ, ಬಟ್ಟೆಗೆ ಮುಂಚಿತವಾಗಿ ಬಳಿದುಕೊಳ್ಳುವವರಿಗೂ ಒಂದು ಮಾತು ಸಲ್ಲಬೇಕು. ನೆಲದ ಮೇಲೆ ಒಣಗಿದ ಆ ಖಾರದ ವಾಸನೆಗೆ ಕಂದು ಕರಡಿಗಳು ಆಕರ್ಷಿತವಾಗಿ ಬಂದು ಹೊರಳಾಡುವುದನ್ನು ಟಾಮ್ ಸ್ಮಿತ್ 1998ರಲ್ಲೇ ದಾಖಲಿಸಿದ್ದಾರೆ.

ಕಪ್ಪು ಕರಡಿಯ ಲೆಕ್ಕ ಸ್ವಲ್ಪ ಬೇರೆ. 1900ರಿಂದ 2009ರವರೆಗೆ ಅಮೆರಿಕ ಮತ್ತು ಕೆನಡಾದಲ್ಲಿ ಅವು ಕೊಂದದ್ದು 63 ಜನರನ್ನು. ಆ ಸಾವುಗಳಲ್ಲಿ ಬಹುಪಾಲು ಮನುಷ್ಯನನ್ನು ಬೇಟೆಯಾಗಿ ನೋಡಿದ ಒಂಟಿ ಗಂಡು ಕರಡಿಗಳಿಂದ ಆದವು ಎಂದು ಹೆರೆರೊ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು. ಸದ್ದಿಲ್ಲದೆ ಹಿಂಬಾಲಿಸಿ ಬರುವ ಅಂಥ ಕರಡಿಯೆದುರು ಸತ್ತಂತೆ ಬಿದ್ದುಕೊಂಡರೆ ಪ್ರಯೋಜನವಿಲ್ಲ, ಕೈಗೆ ಸಿಕ್ಕಿದ್ದರಿಂದ ಹೋರಾಡಬೇಕು. ಅದು ನಿಧಾನವಾಗಿ ಬರುವುದರಿಂದ ಕೋವಿಗೂ ಸಮಯ ಸಿಗುತ್ತದೆ. ಎರಡು ಸೆಕೆಂಡಿನ ಕಷ್ಟ ಅಲ್ಲಿ ಅಷ್ಟಿಲ್ಲ.

ಕೋವಿಯನ್ನು ಎಲ್ಲಿ ಇಡಬೇಕೋ ಅಲ್ಲಿ ಇಟ್ಟ ಜಾಗವೊಂದನ್ನು ನೋಡಬೇಕಾದರೆ ಅಲಾಸ್ಕಾದ ಮೆಕ್‌ನೀಲ್ ನದಿಗೆ ಹೋಗಬೇಕು. 1967ರಲ್ಲಿ ಅಭಯಾರಣ್ಯವಾದ ಈ ಜಾಗದ ಜಲಪಾತದಲ್ಲಿ ಸಾಲ್ಮನ್ ಮೀನು ಹಿಡಿಯಲು ಒಂದೇ ಹೊತ್ತಿಗೆ ಎಪ್ಪತ್ತಕ್ಕೂ ಹೆಚ್ಚು ಕಂದು ಕರಡಿಗಳು ಸೇರಿದ್ದನ್ನು ನೋಡಿದವರಿದ್ದಾರೆ. 1970ರ ದಶಕದಲ್ಲಿ ಚೀಟಿ ಎತ್ತಿ ಪರವಾನಗಿ ಕೊಡುವ ಪದ್ಧತಿ ಬಂತು. ದಿನಕ್ಕೆ ಹತ್ತು ಜನ ಮಾತ್ರ, ಜೊತೆಗೆ ಶಾಟ್‌ಗನ್ ಹಿಡಿದ ಸಿಬ್ಬಂದಿ. ಜನ ಪ್ರತಿದಿನ ಅದೇ ದಾರಿಯಲ್ಲಿ, ಅದೇ ಹೊತ್ತಿಗೆ, ಗುಂಪಾಗಿ ಹೋಗಿ ಅದೇ ಜಾಗದಲ್ಲಿ ಕೂರುತ್ತಾರೆ. ಆಹಾರದ ಒಂದು ತುಣುಕೂ ಕರಡಿಗೆ ಸಿಗುವುದಿಲ್ಲ. ಕರಡಿಗಳು ಕೆಲವೇ ಮೀಟರ್ ಅಂತರದಲ್ಲಿ ಮರಿಗಳಿಗೆ ಹಾಲೂಡಿಸುತ್ತವೆ, ನಿದ್ದೆ ಮಾಡುತ್ತವೆ. ಲ್ಯಾರಿ ಆಮಿಲರ್ ಎಂಬ ಜೀವಶಾಸ್ತ್ರಜ್ಞ ಸುಮಾರು ಮೂವತ್ತು ವರ್ಷ ಇದನ್ನು ನಡೆಸಿದರು. ಪರವಾನಗಿ ಪದ್ಧತಿ ಬಂದ ಮೇಲೆ ಅಲ್ಲಿ ಕರಡಿಯಿಂದ ಯಾವ ಪ್ರವಾಸಿಗೂ ಗಾಯವಾಗಿಲ್ಲ. ಅಲ್ಲಿ ಕೋವಿ ಇದೆ, ಅದರ ಅಗತ್ಯ ಬೀಳದಂತೆ ಉಳಿದೆಲ್ಲ ಕೆಲಸವೂ ನಡೆದಿದೆ.

ಅದೇ ಪ್ರದೇಶದ ಕಟ್ಮಾಯಿ ಉದ್ಯಾನದಲ್ಲಿ ಟಿಮೊಥಿ ಟ್ರೆಡ್‌ವೆಲ್ ಎಂಬ ಕರಡಿಪ್ರೇಮಿ ಹದಿಮೂರು ಬೇಸಿಗೆ ಕರಡಿಗಳ ನಡುವೆ ಕಳೆದರು. ಕೋವಿ ಮಾತ್ರವಲ್ಲ, ಸ್ಪ್ರೇಯನ್ನೂ ವಿದ್ಯುತ್ ಬೇಲಿಯನ್ನೂ ದೂರವಿಟ್ಟರು. 2003ರ ಅಕ್ಟೋಬರ್‌ನಲ್ಲಿ, ಮೀನು ಕಡಿಮೆಯಾಗಿ ಕರಡಿಗಳು ಹಸಿದು ಅಲೆಯುವ ಕಾಲದಲ್ಲಿ, ಅವರು ಮತ್ತು ಜೊತೆಗಾತಿ ಆಮಿ ಹ್ಯೂಗೆನಾರ್ಡ್ ಡೇರೆಯ ಬಳಿಯೇ ಸತ್ತರು. ಶವ ತರಲು ಹೋದ ರೇಂಜರ್‌ಗಳು ಎರಡು ಕರಡಿಗಳನ್ನು ಗುಂಡಿಕ್ಕಿ ಕೊಂದರು. ಕರಡಿಯ ಮೇಲಿನ ಪ್ರೀತಿಯಿಂದ ಎಲ್ಲ ಸಾಧನಗಳನ್ನೂ ಬಿಟ್ಟುಕೊಟ್ಟದ್ದು ಕರಡಿಗಳ ಜೀವವನ್ನೂ ಉಳಿಸಲಿಲ್ಲ.

ಆಹಾರ ಮತ್ತು ಕಸದ ಪಾಠವನ್ನು ಅಮೆರಿಕ ಕಲಿತದ್ದು 1967ರ ಆಗಸ್ಟ್‌ನ ಒಂದೇ ರಾತ್ರಿಯಲ್ಲಿ. ಗ್ಲೇಸಿಯರ್ ಉದ್ಯಾನದ ಎರಡು ಬೇರೆ ಬೇರೆ ಜಾಗಗಳಲ್ಲಿ ಇಬ್ಬರು ಯುವತಿಯರನ್ನು ಎರಡು ಗ್ರಿಜ್ಲಿಗಳು ಕೊಂದವು. ಎರಡೂ ಮನುಷ್ಯರ ಕಸದ ರುಚಿ ಹತ್ತಿದ್ದ ಕರಡಿಗಳು. ಕೆಲವೇ ವರ್ಷಗಳಲ್ಲಿ ಯೆಲ್ಲೋಸ್ಟೋನ್‌ನ ತೆರೆದ ಕಸದ ಗುಂಡಿಗಳೂ ಮುಚ್ಚಿದವು. ಕರಡಿ ಮುರಿಯಲಾಗದ ಡಬ್ಬ, ಆಹಾರ ತೂಗುಹಾಕುವ ಕಂಬ ಬಂದವು. ಇವುಗಳಿಂದ ಉಳಿದ ಜೀವಗಳಷ್ಟು ಯಾವ ಬಂದೂಕೂ ಉಳಿಸಿರಲಾರದು.

ಜಪಾನ್ ಈಗ ಇನ್ನೊಂದು ದಿಕ್ಕಿನಿಂದ ಇದೇ ಪ್ರಶ್ನೆಗೆ ಬಂದಿದೆ. ಹಳ್ಳಿಗಳು ಖಾಲಿಯಾಗಿ, ಬೇಟೆಗಾರರು ಮುದುಕರಾಗಿ, ಕರಡಿಗಳು ಊರೊಳಗೆ ಬರತೊಡಗಿವೆ. ಜನವಸತಿಯಲ್ಲಿ ಗುಂಡು ಹಾರಿಸುವುದಕ್ಕಿದ್ದ ನಿರ್ಬಂಧವನ್ನು 2025ರ ಸೆಪ್ಟೆಂಬರ್‌ನಲ್ಲಿ ಸಡಿಲಿಸಿ, ತುರ್ತು ಸಂದರ್ಭದಲ್ಲಿ ಸ್ಥಳೀಯ ಆಡಳಿತವೇ ಅಪ್ಪಣೆ ಕೊಡುವಂತೆ ಮಾಡಲಾಯಿತು. ಆ ವರ್ಷ ಕರಡಿಗಳಿಂದ ಹತ್ತಕ್ಕೂ ಹೆಚ್ಚು ಜನ ಸತ್ತರು, ಅಕಿತಾ ಪ್ರಾಂತ್ಯಕ್ಕೆ ಸೈನಿಕರು ಹೋದರು, ಗುಂಡು ಹೊಡೆಯಲಲ್ಲ, ಬೋನು ಸಾಗಿಸಲು. ಹೊಕ್ಕೈಡೋದಲ್ಲಿ ಊರಿನವರ ಕೋರಿಕೆಯ ಮೇರೆಗೆ ಕರಡಿ ಹೊಡೆದ ಬೇಟೆಗಾರನೊಬ್ಬ ಗುಂಡು ಮನೆಗಳ ಕಡೆ ಹೋಗಬಹುದಿತ್ತೆಂಬ ಕಾರಣಕ್ಕೆ ಪರವಾನಗಿ ಕಳೆದುಕೊಂಡು ವರ್ಷಗಟ್ಟಲೆ ಕೋರ್ಟು ಅಲೆದ. ಹೀಗಾದರೆ ಊರಿಗಾಗಿ ಕೋವಿ ಎತ್ತಲು ಯಾರು ಮುಂದೆ ಬರುತ್ತಾರೆ?

ಕರ್ನಾಟಕದಲ್ಲಿ ಈ ಚರ್ಚೆ ನಡೆಯುವ ನೆಲ ಬಳ್ಳಾರಿ, ವಿಜಯನಗರ, ಕೊಪ್ಪಳ, ತುಮಕೂರಿನ ಬಂಡೆಗುಡ್ಡಗಳದು. 1994ರಲ್ಲಿ ದರೋಜಿ ಕರಡಿಧಾಮವಾಯಿತು. ಇಲ್ಲಿನ ಕರಡಿ ಗ್ರಿಜ್ಲಿಗಿಂತ ಬಹಳ ಚಿಕ್ಕದು, ಗೆದ್ದಲು, ಜೇನು, ಹಣ್ಣು ತಿನ್ನುವುದು. ಆದರೂ ಜನರ ಮೇಲೆ ಬೀಳುವುದರಲ್ಲಿ ಅದು ಯಾರಿಗೂ ಕಡಿಮೆಯಿಲ್ಲ. ಮಧ್ಯಪ್ರದೇಶದಲ್ಲಿ 1989ರಿಂದ 1994ರವರೆಗಿನ ಐದು ವರ್ಷಗಳಲ್ಲಿ 735 ದಾಳಿಗಳು ದಾಖಲಾಗಿ 48 ಜನ ಸತ್ತಿದ್ದರು. ಹುಲಿಯೊಂದಿಗೆ ಒಂದೇ ಕಾಡಿನಲ್ಲಿ ಬೆಳೆದ ಪ್ರಾಣಿ ಇದು, ಓಡುವ ಬದಲು ತಿರುಗಿ ಬೀಳುವುದೇ ಇದರ ರಕ್ಷಣೆ ಎಂದು ತಜ್ಞರು ಹೇಳುತ್ತಾರೆ. ಅಲಾಸ್ಕಾದ ಲೆಕ್ಕ ಮಾಡಿದ ಟಾಮ್ ಸ್ಮಿತ್ ಕರ್ನಾಟಕದ ಬಯಲುಸೀಮೆಯ ಕರಡಿ ದಾಳಿಗಳ ಅಧ್ಯಯನದಲ್ಲೂ ಕೈಜೋಡಿಸಿದ್ದಾರೆ.

ಬೇಟೆಗಾರ ಲೇಖಕ ಕೆನೆತ್ ಆಂಡರ್ಸನ್ 1957ರ ಪುಸ್ತಕದಲ್ಲಿ ಅರಸೀಕೆರೆ ಸೀಮೆಯ, ಹಲವರ ಮುಖ ಹರಿದು ಹಲವರನ್ನು ಕೊಂದ ಕರಡಿಯೊಂದನ್ನು ತಾವು ಹೊಡೆದದ್ದನ್ನು ಬರೆದಿದ್ದಾರೆ. ಆ ಕಾಲ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿರುವ ಪ್ರಾಣಿ ಇದು. ತನ್ನ ಅಥವಾ ಇನ್ನೊಬ್ಬರ ಜೀವ ಉಳಿಸಲು ಸದುದ್ದೇಶದಿಂದ ಕೊಂದರೆ ಅಪರಾಧವಲ್ಲ ಎಂದು 11ನೇ ಸೆಕ್ಷನ್ ಹೇಳುತ್ತದೆ. ಕಾಯ್ದೆಯನ್ನು ಮುರಿಯುವ ಕೆಲಸದಲ್ಲಿ ತೊಡಗಿದ್ದವನಿಗೆ ಆ ರಕ್ಷಣೆ ಸಿಗದು, ಸತ್ತ ಪ್ರಾಣಿ ಸರಕಾರದ ಸ್ವತ್ತು. ಅಲಾಸ್ಕಾದ ನಿಯಮಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ಕೊಡಗಿನವರ ಕೋವಿ ಪರವಾನಗಿಯ ವಿನಾಯಿತಿಯನ್ನು ರಾಜ್ಯ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ, ಉಳಿದೆಡೆ ಬೆಳೆ ಕಾಯಲು ಪರವಾನಗಿ ಪಡೆದ ಕೆಲವರಲ್ಲಿ ನಳಿಗೆ ಕೋವಿಗಳಿವೆ. ಗುಡ್ಡದಂಚಿನ ಹೊಲದ ರೈತ, ಕುರಿ ಕಾಯುವ ಹುಡುಗ, ಸೌದೆಗೆ ಹೋಗುವ ಹೆಂಗಸು ಇವರ ಕೈಯಲ್ಲಿ ಅದೂ ಇಲ್ಲ. ಒಂದು ವೇಳೆ ಇದ್ದರೂ ನಸುಕಿನಲ್ಲಿ ಪೊದೆಯ ಮರೆಯಿಂದ ಹತ್ತು ಹೆಜ್ಜೆ ದೂರದಲ್ಲಿ ಎದ್ದು ಮುಖಕ್ಕೇ ಹಾರುವ ಕರಡಿಯೆದುರು ಎರಡು ಸೆಕೆಂಡೂ ಸಿಗುವುದಿಲ್ಲ.

ಇಲ್ಲಿ ಕೆಲಸಕ್ಕೆ ಬಂದಿರುವುದು ಬೇರೆ ಉಪಾಯಗಳು. ಗುಜರಾತಿನ ಕರಡಿತಜ್ಞ ನಿಶಿತ್ ಧಾರೈಯಾ ತುದಿಗೆ ಗಂಟೆ ಕಟ್ಟಿದ ಕೋಲನ್ನು ಕಾಡಂಚಿನ ಜನರ ಕೈಗೆ ಕೊಟ್ಟರು. ನಡೆದಂತೆಲ್ಲ ಸದ್ದಾಗಿ ಕರಡಿಗೆ ಮುಂಚೆಯೇ ತಿಳಿಯುತ್ತದೆ, ಮೇಲೆ ಬಿದ್ದರೆ ಕೋಲು ಅಡ್ಡ ಹಿಡಿಯಲೂ ಆಗುತ್ತದೆ. ದರೋಜಿ, ಗುಡೇಕೋಟೆ ಸುತ್ತಲಿನ ಊರುಗಳಲ್ಲಿ ಕತ್ತಲಲ್ಲಿ ಹೊಲಕ್ಕೆ ಒಬ್ಬೊಬ್ಬರೇ ಹೋಗದಿರುವುದು, ಟಾರ್ಚ್ ಹಿಡಿದು ಮಾತಾಡುತ್ತ ನಡೆಯುವುದು, ಮನೆಯಲ್ಲೇ ಶೌಚಾಲಯ ಇರುವುದು, ಪಂಪ್‌ಸೆಟ್ಟಿಗೆ ರಾತ್ರಿಯ ಬದಲು ಹಗಲು ಹೊತ್ತಿನಲ್ಲಿ ಕರೆಂಟು ಸಿಗುವುದು ಇವೆಲ್ಲ ಕರಡಿಯಿಂದ ಕಾಯುವ ಕ್ರಮಗಳೇ. ಕೊನೆಯದು ಅರಣ್ಯ ಇಲಾಖೆಯ ಕೈಯಲ್ಲಿಲ್ಲ, ವಿದ್ಯುತ್ ಕಂಪನಿಯ ವೇಳಾಪಟ್ಟಿಯಲ್ಲಿದೆ.